ಬಿರುಕು ಹುಡುಕುವವಳ ಸೈಕಲ್ಲು

ಹುಟ್ಟಿದಾಗ ನಾನು ಸೈಕಲ್ಲಾಗಿರಲಿಲ್ಲ, ಬರೀ ಕೊಳವೆಗಳಾಗಿದ್ದೆ. ಸಮುದ್ರದಾಚೆಯ ಯಾವುದೋ ಊರಿನ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಕೊಳವೆಗಳನ್ನು ಕತ್ತರಿಸಿ, ಬಾಗಿಸಿ, ಒಂದರ ಮೂತಿಗೆ ಇನ್ನೊಂದನ್ನು ಹಚ್ಚಿ ಬೆಸೆದರು. ಬೆಸೆಯುವಾಗ ಮೈಯೆಲ್ಲ ಬೆಂದುಹೋಯಿತು ಎಂದರೆ ನಿಮಗೆ ಮರುಕ ಹುಟ್ಟಬಹುದು. ಆದರೆ ಸುಳ್ಳು ಯಾಕೆ ಹೇಳಲಿ, ಅದೊಂದೂ ನನಗೆ ನೆನಪಿಲ್ಲ. ನೆನಪು ಶುರುವಾಗುವುದು ಬಣ್ಣ ಬಳಿದ ಮೇಲೆ. ಗಿಳಿಹಸಿರು ಬಣ್ಣ. ಅದರ ಮೇಲೆ ಹೊಳಪಿನ ಲೇಪ. ಚೆಂದ ಇದ್ದೆ ಎಂದು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಇದ್ದೆ.

ನಾನು ಗುಡ್ಡ ಹತ್ತಿಳಿಯುವ ಜಾತಿಯ ಸೈಕಲ್ಲು. ಅದರಲ್ಲೂ ಮುಂದೂ ಹಿಂದೂ ಪೆಟ್ಟು ನುಂಗುವ ಶಾಕ್ ಇರುವಂಥದ್ದು. ಪೇಟೆ ಸುತ್ತುವ ಸೈಕಲ್ಲುಗಳ ಬೆನ್ನು ಒಂದೇ ಬಿಗಿ ಚೌಕಟ್ಟು. ನನ್ನ ಬೆನ್ನು ಎರಡು ಭಾಗ, ನಡುವೆ ಕೀಲು, ಕೀಲಿನ ಮೇಲೆ ಗಾಳಿ ತುಂಬಿದ ಒಂದು ಶಾಕ್. ಕಲ್ಲು ಬಡಿದರೆ ನಾನು ಕೂತು ಏಳುತ್ತೇನೆ, ನನ್ನ ಮೇಲಿರುವವರ ಸೊಂಟ ಉಳಿಯುತ್ತದೆ. ಇದು ನನ್ನ ದೊಡ್ಡಸ್ತಿಕೆ. ಚಿಂತೆಯೂ ಇದೇ. ಕೀಲು ಹೆಚ್ಚು, ಬೆಸುಗೆ ಹೆಚ್ಚು, ಹಾಗಾಗಿ ಕೈಕೊಡುವ ಜಾಗಗಳೂ ಹೆಚ್ಚು. ಎಲ್ಲಕ್ಕಿಂತ ನಾಜೂಕಿನದು ಹ್ಯಾಂಡಲ್ಲು ಕೂರುವ ಗಿಡ್ಡ ಕೊಳವೆಗೂ ಅಲ್ಲಿಂದ ಪೆಡಲಿನ ಕಡೆ ಇಳಿಯುವ ದಪ್ಪ ಕೊಳವೆಗೂ ನಡುವಿನ ಬೆಸುಗೆ. ಅದನ್ನು ನನ್ನ ಕೊರಳು ಎನ್ನೋಣ. ಗುಡ್ಡ ಇಳಿಯುವಾಗ ಸವಾರರ ಭಾರವೆಲ್ಲ ಬಂದು ಬೀಳುವುದು ಅಲ್ಲಿಗೇ. ಅಲ್ಲಿ ಮುರಿದರೆ ಸವಾರರು ಮೊದಲು ನೆಲಕ್ಕೆ ಕೊಡುವುದು ಮುಖವನ್ನು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವರು ಹಲ್ಲಿನ ಡಾಕ್ಟರು ಪ್ರಹ್ಲಾದ ಕುಲಕರ್ಣಿ. ಒಳ್ಳೆಯ ಮನುಷ್ಯ, ಉತ್ಸಾಹ ಮಾತ್ರ ಹಾಲಿನಂತೆ ಬೇಗ ಉಕ್ಕಿ ಬೇಗ ಇಳಿಯುತ್ತಿತ್ತು. ಹೆಲ್ಮೆಟ್ಟು, ಮೊಣಕಾಲಿನ ಕವಚ, ಬಿಗಿಯಾದ ಅಂಗಿ ಎಲ್ಲ ತೊಟ್ಟು ಒಂದು ಭಾನುವಾರ ನೃಪತುಂಗ ಬೆಟ್ಟದ ದಾರಿ ಹಿಡಿದರು. ಅರ್ಧ ದಾರಿಗೆ ಇಡ್ಲಿ ನೆನಪಾಯಿತು. ಇನ್ನೊಂದು ಭಾನುವಾರ ಇಡ್ಲಿ ಅಂಗಡಿಯವರೆಗೇ ಹೋದರು. ಅಲ್ಲಿಗೆ ನನ್ನ ಗುಡ್ಡದ ಬದುಕು ಮುಗಿದು ಬಾಲ್ಕನಿಯ ಬದುಕು ಸುರುವಾಯಿತು. ಅವರ ಹೆಂಡತಿ ನನ್ನ ಹ್ಯಾಂಡಲ್ಲಿನ ಮೇಲೆ ಟವೆಲು ಒಣಹಾಕುತ್ತಿದ್ದರು, ಸೀಟಿನ ಮೇಲೆ ಸಂಡಿಗೆ ತಟ್ಟೆ ಇಡುತ್ತಿದ್ದರು. ಗುಡ್ಡದಿಂದ ಹಾರಲೆಂದು ಹುಟ್ಟಿದವನು ಕಾಗೆ ಕಾಯುತ್ತ ನಿಂತಿದ್ದೆ.

ಡಾಕ್ಟರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಾವು ಗುಡ್ಡ ಹತ್ತದಿರುವುದಕ್ಕೆ ನನ್ನ ತೂಕವೇ ಕಾರಣ ಎಂದು ಯಾರೋ ತಲೆಗೆ ತುಂಬಿದರು. ಅವರು ಇನ್ನೊಂದು ಸೈಕಲ್ಲು ತಂದರು, ಕಾರ್ಬನ್ ನಾರಿನ ಪದರುಗಳದು. ಕಪ್ಪು ಮೈ, ಎರಡು ಬೆರಳಲ್ಲಿ ಎತ್ತುವಷ್ಟು ಹಗುರ. ಬಾಲ್ಕನಿಯಲ್ಲಿ ನನ್ನ ಪಕ್ಕಕ್ಕೇ ಬಂದು ನಿಂತಿತು. ಕೆಲವು ತಿಂಗಳಲ್ಲಿ ಅದರ ಮೇಲೂ ಟವೆಲು ಬಿತ್ತು. ಆಗ ನನಗಾದ ಸಮಾಧಾನವನ್ನು ಬಣ್ಣಿಸುವುದು ಸಣ್ಣತನ, ಬಿಡಿ.

ಕೊನೆಗೆ ಡಾಕ್ಟರ ಹೆಂಡತಿ, ಎರಡರಲ್ಲಿ ಒಂದಾದರೂ ಮನೆಯಿಂದ ಹೊರಬೀಳಬೇಕು ಎಂದು ಹಟ ಹಿಡಿದರು. ಯಾವುದು ಹೋದರೂ ಅವರಿಗೆ ಚಿಂತೆಯಿರಲಿಲ್ಲ. ಹಾಗೆ ಒಂದು ಮುಂಜಾನೆ ನಮ್ಮನ್ನು ನೋಡಲು ಗದಗಿನಿಂದ ಒಬ್ಬಳು ಬಂದಳು.

ಹೆಸರು ವಿಶಾಲಾಕ್ಷಿ. ಹೊರಗೆ ವಿಶಾಲಾ, ಮನೆಯಲ್ಲಿ ವಿಶಾಲಿ. ಮೂವತ್ತರ ಹತ್ತಿರದ ವಯಸ್ಸು, ಬಿಸಿಲಿಗೆ ಬೆಂದ ಮುಖ, ಎಡ ಭುಜ ಬಲದ್ದಕ್ಕಿಂತ ಒಂಚೂರು ಕೆಳಗೆ. ಕಪ್ಪತಗುಡ್ಡದ ಸುತ್ತಮುತ್ತ ದಿಣ್ಣೆಗಳ ಮೇಲೆ ಗಾಳಿಯಂತ್ರಗಳು ನಿಂತಿವೆಯಲ್ಲ, ಅವುಗಳ ಕಂಬದ ಬೆಸುಗೆಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ಹುಡುಕಿ ತೆಗೆಯುವುದಕ್ಕೆ ಅವಳಿಗೆ ಸಂಬಳ. ಅವಳ ಹಿಂದೆ ಬಾಗಿಲಲ್ಲೇ ನಿಂತಿದ್ದವಳು ಅವಳ ತಾಯಿ ಅಂಬವ್ವ, ಬೆಟಗೇರಿಯ ನೇಕಾರಳು. ಮನೆಯಲ್ಲಿ ಇರುವುದು ತಾಯಿ ಮಗಳು ಇಬ್ಬರೇ. ಅಂಬವ್ವ ನಮ್ಮಿಬ್ಬರನ್ನೂ ನೋಡಿದ ನೋಟ ಹೇಗಿತ್ತೆಂದರೆ, ಮಗಳನ್ನು ಕೇಳಿಕೊಂಡು ಬಂದ ಇಬ್ಬರು ಕುಡುಕ ವರಗಳನ್ನು ನೋಡಿದ ಹಾಗಿತ್ತು.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ವಿಶಾಲಾಳ ಹಳೆಯ ಸೈಕಲ್ಲು ಗುಡ್ಡ ಇಳಿಯುವಾಗ ಕೊರಳಲ್ಲೇ ಮುರಿದಿತ್ತು. ಯಾರೋ ಹಳೆಯ ಬಿರುಕಿನ ಮೇಲೆ ಹೊಸ ಬಣ್ಣ ಬಳಿದು ಮಾರಿದ್ದರಂತೆ. ಭುಜದ ಎಲುಬು ಮುರಿದು, ಮುಖವೆಲ್ಲ ತರಚಿ, ಎರಡು ತಿಂಗಳು ಅಂಬವ್ವ ಅವಳಿಗೆ ಕೈತುತ್ತು ಹಾಕಿದ್ದಳು. ಗಾಳಿಯಂತ್ರದ ಕಂಬ ಹತ್ತುವುದಕ್ಕೆ ಅಂಬವ್ವನ ತಕರಾರಿರಲಿಲ್ಲ. "ಅಲ್ಲಿ ಸ್ವಂಟಕ್ಕ ಹಗ್ಗಾ ಕಟ್ಟಿರತಾರ. ಸೈಕಲ್ಲಿಗೆ ಯಾರು ಕಟ್ಟತಾರ ಹಗ್ಗಾ?" ಎಂಬುದು ಅವಳ ವಾದ. ಬಹಳ ಕಾಡಿ ಬೇಡಿದ ಮೇಲೆ ಇನ್ನೊಂದೇ ಒಂದು ಸೈಕಲ್ಲಿಗೆ ಒಪ್ಪಿದ್ದಳು.

ಡಾಕ್ಟರು ಕಾರ್ಬನ್ ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. "ನೋಡ್ರಿ ಮೇಡಂ, ಹೂವಿನಂಗ ಅದ. ಉಕ್ಕಿಗಿಂತ ಗಟ್ಟಿ ಅಂತಾರ ಮತ್ತ. ನಾನು ಮುತ್ತಿನಂಗ ಇಟ್ಟೀನಿ ಇದನ್ನ."

"ಒಮ್ಮೆರೆ ಬಿದ್ದೈತೇನ್ರಿ ಇದು?" ವಿಶಾಲಾ ಕೇಳಿದಳು.

"ಛೆ ಛೆ, ಬೀಳೂದು ಎಲ್ಲೀದು," ಎಂದರು ಡಾಕ್ಟರು.

"ಯಾಕ, ಮೊನ್ನೆ ಗಾಳಿಗೆ ಬಿತ್ತಲ್ಲ, ಕುಂಡದ ಮ್ಯಾಲೆ," ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ತುಳಸಿ ಕುಂಡ ಒಡೀತು. ಸೈಕಲ್ಲಿಗೆ ಏನೂ ಆಗ್ಲಿಲ್ಲ."

ವಿಶಾಲಾ ನಾಣ್ಯವೊಂದನ್ನು ತೆಗೆದು ಕಾರ್ಬನ್ ಮೈಯನ್ನು ಮೇಲಿನಿಂದ ಕೆಳಗೆ ಬಡಿಯುತ್ತ ಹೋದಳು. ಟಕ್ ಟಕ್ ಎನ್ನುತ್ತಿದ್ದದ್ದು ಒಂದು ಕಡೆ ಪೊತ್ ಎಂದಂತಾಯಿತು. ಅವಳು ಅಲ್ಲೇ ಮತ್ತೆ ಬಡಿದಳು. ಹೌದೋ ಅಲ್ಲವೋ ಎಂಬಂಥ ಸದ್ದು. ಮೇಲೆ ಒಂದು ಗೀರೂ ಇರಲಿಲ್ಲ.

"ಇದು ಕೆಟ್ಟದ್ದಲ್ರಿ," ಎಂದಳು. "ನನ್ನ ದೋಸ್ತರೆಲ್ಲಾ ಇದನ್ನ ಹೊಡೀತಾರ. ಆದರ ಒಳಗ ಪದರು ಬಿಟ್ಟಿತ್ತಂದ್ರ ಮ್ಯಾಲ ತೋರಿಸೂದಿಲ್ಲ. ಕಂಬ, ಸೇತುವಿ, ಸೈಕಲ್ಲು, ಎಲ್ಲಾ ಒಂದಿನಾ ಮುರಿಯೂವ ರೀ. ನನಗ ಮುರಿಯೂಕಿಂತ ಮೊದಲ ಹೇಳೂ ಅಂಥಾದ್ದು ಬೇಕು."

ಆಮೇಲೆ ನನ್ನ ಮುಂದೆ ಮಂಡಿಯೂರಿ ಕೂತಳು. ಒಂದೊಂದು ಬೆಸುಗೆಯ ಮೇಲೂ ಬೆರಳಾಡಿಸಿದಳು. ಬಣ್ಣ ಕಾರ್ಖಾನೆಯದೇ ಹೌದೋ ಎಂದು ಬೆಳಕಿಗೆ ವಾರೆ ಮಾಡಿ ನೋಡಿದಳು. ಹಿಂದಿನ ಚಕ್ರ ಹಿಡಿದು ಅಲುಗಿಸಿ ಕೀಲುಗಳಲ್ಲಿ ಸಡಿಲವಿದೆಯೋ ಎಂದು ಕಿವಿಗೊಟ್ಟಳು. ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿರಲಿಲ್ಲ. ಟವೆಲು ತೆಗೆಯಲು ಬಂದವರೂ ಟವೆಲನ್ನೇ ನೋಡುತ್ತಿದ್ದರು.

"ಅಲ್ಯೂಮಿನಿಯಂಗೆ ಆಯುಷ್ಯ ಕಡಿಮಿ," ಎಂದಳು, ನನಗೆ ಕೇಳಲಿ ಎಂಬಂತೆ. "ಉಕ್ಕು ಹಗೂರ ಪೆಟ್ಟು ಎಷ್ಟರೆ ತಿಂದೀತು. ಇದು ಸಣ್ಣ ಪೆಟ್ಟನ್ನೂ ಲೆಕ್ಕಾ ಇಡತೈತಿ. ಆದರ ಮುರಿಯೂಕಿಂತ ಮೊದಲ ಸಣ್ಣ ಗೆರಿ ತೋರಸ್ತೈತಿ. ನೋಡೂ ಕಣ್ಣು ನನಗದಾವ."

ಅಂಬವ್ವ ಬಾಗಿಲಿನಿಂದಲೇ ಮಾತು ಮುಗಿಸಿದಳು. "ಚಂದಾಗಿ ನೋಡಿ ತಗೋ. ಇದೂ ಮುರೀತಂದ್ರ ಮುಗೀತು ವಿಶಾಲಿ. ಗೆರಿ ಬಂದರೂ ಮುಗೀತು. ಆಮ್ಯಾಲೆ ಸೈಕಲ್ಲಿನ ಹೆಸರು ಎತ್ತಬಾರದು. ನನ್ನ ಮ್ಯಾಲಾಣಿ ಮಾಡು."

ವಿಶಾಲಾ ತಾಯಿಯ ಕೈಮೇಲೆ ಕೈಯಿಟ್ಟಳು. ಹಾಗೆ ನಾನು ಬೆಟಗೇರಿಗೆ ಬಂದೆ, ತಲೆಯ ಮೇಲೆ ಒಂದು ಆಣೆ ಹೊತ್ತುಕೊಂಡು.

ಬೆಟಗೇರಿಯ ಮನೆಯಲ್ಲಿ ನನ್ನ ಜಾಗ ಮಗ್ಗದ ಕೋಣೆಯ ಗೋಡೆ. ಬೆಳಗಿನಿಂದ ಸಂಜೆಯವರೆಗೆ ಅಂಬವ್ವ ಮಗ್ಗದಲ್ಲಿ ಕೂತು ಲಟಕ್ ಪಟಕ್ ಎನ್ನಿಸುತ್ತಿದ್ದಳು. ನನ್ನ ಜೊತೆ ಮಾತಿಲ್ಲ. ಲಾಳಿ ತುಂಬಿಕೊಳ್ಳುವಾಗ ಒಮ್ಮೊಮ್ಮೆ ಕಣ್ಣು ಎತ್ತಿ ನೋಡುತ್ತಿದ್ದಳು, ಅಷ್ಟೇ.

ಆದರೆ ಭಾನುವಾರಗಳು! ಅವುಗಳ ಬಗ್ಗೆ ಹೇಳಲು ಕೂತರೆ ನಾನು ಬಡಾಯಿ ಕೊಚ್ಚುತ್ತೇನೆ. ಗಾಳಿಯಂತ್ರಗಳಿಗೆ ಹೋಗುವ ಕೆಂಪು ಮಣ್ಣಿನ ದಾರಿಯಲ್ಲಿ ವಿಶಾಲಾ ಏದುಸಿರು ಬಿಡುತ್ತ ದಿಣ್ಣೆ ಹತ್ತುತ್ತಿದ್ದಳು. ಮೇಲೆ ಗಾಳಿಗೆ ಎದುರಾಗಿ ನಿಂತು ಒಂದು ಬಾಟಲಿ ನೀರು ಕುಡಿದು, ಡೋಣಿ ಊರಿನ ದಿಕ್ಕಿಗೆ ಕಲ್ಲುದಾರಿ ಹಿಡಿದು ಇಳಿಯುತ್ತಿದ್ದಳು. ಚೂಪುಗಲ್ಲು, ಒಣಹುಲ್ಲು, ಕೊರಕಲು, ಜಾಲಿಮುಳ್ಳು. ನಾನು ಕೂತು ಏಳುತ್ತಿದ್ದೆ, ಕೂತು ಏಳುತ್ತಿದ್ದೆ. ಅವಳ ಭಾರ ನನ್ನ ಕೊರಳಿಗೆ ಬಂದು ಬೀಳುತ್ತಿತ್ತು, ಅದನ್ನು ಹೊರುವುದೇ ನನಗೆ ಹಬ್ಬ. ಕೆಳಗೆ ತಲುಪಿದಾಗ ಅವಳು ಯಾರಿಗೂ ಕೇಳದಂತೆ ನಗುತ್ತಿದ್ದಳು. ಒಂದು ಸಲ ಅಂಬವ್ವ, "ಅದ್ರಾಗ ಏನೈತಿ ಅಂಥಾದ್ದು?" ಎಂದು ಕೇಳಿದ್ದಳು. "ಇಳಿಯೂ ಮುಂದ ತಲ್ಯಾಗ ಏನೂ ಇರೂದಿಲ್ಲವ್ವ, ನಿನ್ನ ಆಣಿ ಸೈತ," ಎಂದು ಮಗಳು ಹೇಳಿದಳು. ತಾಯಿಗೆ ಅದು ಅರ್ಥವಾಗಲಿಲ್ಲ.

ಎರಡು ವರ್ಷ ಹೀಗೆ ಹೋಯಿತು. ಮೂರನೆಯ ದಸರೆಗೆ ಇನ್ನು ಒಂದು ವಾರವಿತ್ತು. ಮಳೆ ಬಿದ್ದು ದಾರಿ ಕೊಚ್ಚಿಹೋಗಿದ್ದ ಕಡೆ ಎದೆಯುದ್ದದ ಒಂದು ಕಲ್ಲಿನ ಮೆಟ್ಟಿಲು ಎದ್ದಿತ್ತು. ವಿಶಾಲಾಳಿಗೆ ಅದು ಕಂಡದ್ದು ತಡವಾಗಿ. ಬ್ರೇಕು ಹಿಡಿದರೆ ಬೀಳುವುದು ಖಂಡಿತ ಎಂದು ಹಾರಿಸಿಯೇ ಬಿಟ್ಟಳು. ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿಯಿತು. ಶಾಕು ತಳಮುಟ್ಟಿತು. ನನ್ನ ಕೊರಳಿನಲ್ಲಿ ಟಕ್ ಎಂದು ಒಂದು ಸದ್ದಾಯಿತು.

ಅವಳು ಬೀಳಲಿಲ್ಲ. ಆದರೆ ಆ ಸದ್ದನ್ನು ಅವಳೂ ಕೇಳಿದಳು, ನಾನೂ ಕೇಳಿದೆ. ಇಳಿದು ನೋಡಿದಳು, ಏನೂ ಕಾಣಲಿಲ್ಲ. ನೀವು ಕೇಳಬಹುದು, ನಿನ್ನ ಮೈ ನಿನಗೇ ಗೊತ್ತಾಗುವುದಿಲ್ಲವೇ ಎಂದು. ನಿಮ್ಮ ಹೊಟ್ಟೆಯೊಳಗೆ ಏನಿದೆ ಎಂದು ನಿಮಗೆ ಗೊತ್ತಾಗುತ್ತದೆಯೇ? ಡಾಕ್ಟರು ಹೇಳುವವರೆಗೆ ನೀವು ಹೇಗೆ ಬಾಯಿ ಒಣಗಿಸಿಕೊಂಡು ಕೂರುತ್ತೀರೋ ನನ್ನದೂ ಹಾಗೇ. ಅವತ್ತಿನಿಂದ ನನಗೆ ನನ್ನ ಮೇಲೇ ಅನುಮಾನ ಹತ್ತಿತು.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಬಂತು. ನೇಕಾರರ ಮನೆಯಲ್ಲಿ ಅವತ್ತು ಮಗ್ಗಕ್ಕೆ ಪೂಜೆ. ಲಾಳಿ, ಕತ್ತರಿ, ರಾಟೆ, ಈಳಿಗೆ, ಎಲ್ಲವನ್ನೂ ತೊಳೆದು ಇಡುತ್ತಾರೆ. ಅಂಬವ್ವನದೊಂದು ಪದ್ಧತಿಯಿತ್ತು. ಕುಂಕುಮವನ್ನು ಅವಳು ನೀರಿನಲ್ಲಿ ಕಲಸುವುದಿಲ್ಲ, ಒಳ್ಳೆಣ್ಣೆಯಲ್ಲಿ ಕಲಸುತ್ತಾಳೆ. ಮಗ್ಗದ ಕಟ್ಟಿಗೆಯ ಮೇಲೆ ನೀರಿನದು ಒಣಗಿ ಉದುರಿ ನೆಯ್ದ ಸೀರೆಯ ಮೇಲೆ ಬೀಳುತ್ತದೆ, ಎಣ್ಣೆಯದು ಕಟ್ಟಿಗೆಯೊಳಗೆ ಇಳಿದು ನಿಲ್ಲುತ್ತದೆ. ಅವಳ ಅತ್ತೆ ಹಾಗೇ ಮಾಡುತ್ತಿದ್ದಳು, ಅತ್ತೆಯ ಅತ್ತೆಯೂ. ಅವತ್ತು ಮಗ್ಗಕ್ಕೆ ಹಚ್ಚಿದವಳು ಬಟ್ಟಲು ಹಿಡಿದು ನನ್ನ ಮುಂದೆ ಬಂದು ನಿಂತಳು. ಮೊದಲೆರಡು ವರ್ಷ ನನಗೆ ಬರೀ ಒಂದು ಚೆಂಡು ಹೂವು ಸಿಕ್ಕಿತ್ತು. ಈ ಸಲ ಏನನ್ನಿಸಿತೋ, ಬೆರಳು ಅದ್ದಿ ನನ್ನ ಕೊರಳಿಗೆ ಸರಿಯಾಗಿ ದಪ್ಪನೆಯ ಬೊಟ್ಟು ಇಟ್ಟು ಕೈಮುಗಿದಳು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮನೆಯವನಾದೆ ಎಂದುಕೊಂಡೆ.

ಮರುದಿನ ಬನ್ನಿ ಕೊಟ್ಟು ತಗೊಂಡು ಮುಗಿಸಿ ಬಂದ ವಿಶಾಲಾ ಒದ್ದೆ ಬಟ್ಟೆಯಿಂದ ನನ್ನನ್ನು ಒರೆಸಿದಳು. ಬೊಟ್ಟು ಹೋಯಿತು. ಆದರೆ ಬೆಸುಗೆಯ ಅಂಚಿಗೆ, ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಯೊಂದು ಉಳಿಯಿತು. ಮತ್ತೆ ಒರೆಸಿದಳು. ಹೋಗಲಿಲ್ಲ. ಅವಳ ಕೈ ಅಲ್ಲೇ ನಿಂತಿತು.

ಅವಳ ಕೆಲಸದ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಕಂಬದ ಬೆಸುಗೆಯಲ್ಲಿ ಬಿರುಕು ಹುಡುಕುವಾಗ ಅವರು ಮೊದಲು ಕೆಂಪು ಬಣ್ಣದ ಎಣ್ಣೆ ಹಚ್ಚುತ್ತಾರೆ. ಬಿರುಕಿದ್ದರೆ ಎಣ್ಣೆ ಒಳಗೆ ಇಳಿಯುತ್ತದೆ. ಒಂದಿಷ್ಟು ಹೊತ್ತು ಬಿಟ್ಟು ಒರೆಸುತ್ತಾರೆ. ಮೇಲೆ ಬಿಳಿ ಪುಡಿಯ ದ್ರಾವಣ ಸಿಂಪಡಿಸುತ್ತಾರೆ. ಒಳಗೆ ಇಳಿದದ್ದು ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡಿ ಬರುತ್ತದೆ. ಅಂಥ ಗೆರೆ ಕಂಡರೆ ಅವಳು ಇಡೀ ಗಾಳಿಯಂತ್ರವನ್ನು ನಿಲ್ಲಿಸಿಬಿಡುತ್ತಾಳೆ. ವರ್ಷಗಟ್ಟಲೆ ಅವಳು ಕಂಡರೆ ಬೆಚ್ಚುವ ಗೆರೆ ಈಗ ಅವಳ ಸ್ವಂತ ಸೈಕಲ್ಲಿನ ಕೊರಳಲ್ಲಿತ್ತು. ತಾಯಿ ಹಚ್ಚಿದ ಕುಂಕುಮದ ಎಣ್ಣೆ ಅದೇ ಕೆಲಸ ಮಾಡಿತ್ತು.

ಅವಳು ಒಂದು ಮಾತನ್ನು ಬೇಕೆಂದೇ ಮರೆತಳು. ಬಣ್ಣದ ಮೇಲೆ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಬಿರುಕು ಬಿಟ್ಟಿರುವುದು ಲೋಹವೋ ಮೇಲಿನ ಬಣ್ಣವೋ ಎಂದು ತಿಳಿಯಬೇಕಾದರೆ ಬಣ್ಣ ಕಿತ್ತು ನೋಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಅವಳು ಮೊದಲ ದಿನ ಕಲಿಸುವ ಪಾಠವೇ ಅದು. ಆದರೆ ಕಂಬ ಬೇರೆ, ತನ್ನದು ಬೇರೆ. ಗೆರೆ ಕಂಡ ಕೂಡಲೇ ಅವಳಿಗೆ ಆಣೆ ನೆನಪಾಯಿತು. ಬಣ್ಣ ಕಿತ್ತು ನೋಡಿ ಬಿರುಕೇ ಎಂದು ಖಾತ್ರಿಯಾದರೆ ಎಲ್ಲ ಮುಗಿಯಿತು. ನೋಡದಿದ್ದರೆ ಇನ್ನೂ ಮುಗಿದಿಲ್ಲ. ಹಾಗಾಗಿ ಅವಳು ನೋಡಲೇ ಇಲ್ಲ. ಗೆರೆ ಗೋಡೆಯ ಕಡೆ ಬರುವಂತೆ ನನ್ನನ್ನು ತಿರುಗಿಸಿ ನಿಲ್ಲಿಸಿ, ಮೇಲೆ ಹಳೆಯ ಚಾದರ ಹೊದಿಸಿದಳು.

ಭಾನುವಾರ ಬಂತು. ತಲೆನೋವು ಎಂದಳು. ಮುಂದಿನ ಭಾನುವಾರ ಕೆಲಸವಿದೆ ಎಂದಳು. ಅದರ ಮುಂದಿನದಕ್ಕೆ ಕಾರಣವನ್ನೇ ಹೇಳಲಿಲ್ಲ. ಸೊಪ್ಪು ಬಿಡಿಸಿದಳು, ಟಿವಿ ನೋಡಿದಳು, ಮಧ್ಯಾಹ್ನ ಮಲಗಿದಳು. ದೋಸ್ತರ ಫೋನು ಬಂದರೆ ಎತ್ತಲಿಲ್ಲ.

ಅಂಬವ್ವನಿಗೆ ಗೊತ್ತಾಗದೆ ಇರುತ್ತದೆಯೇ? ಸಾವಿರ ಎಳೆಗಳಲ್ಲಿ ಕಡಿದ ಒಂದು ಎಳೆಯನ್ನು ಹುಡುಕುವ ಕಣ್ಣು ಅವಳದು. ಮಗಳು ಕೆಲಸಕ್ಕೆ ಹೋದ ಒಂದು ದಿನ ಚಾದರ ಎತ್ತಿ, ನನ್ನನ್ನು ತಿರುಗಿಸಿ, ಕೊರಳಿನ ಗೆರೆ ನೋಡಿದಳು. ಉಗುರಿನಿಂದ ಕೆರೆದಳು. ಹೋಗಲಿಲ್ಲ. ಆಮೇಲೆ ಅವಳು ದೇವರ ಮಾಡದ ಕಡೆ ತಿರುಗಿ ಕೈಮುಗಿದಳು. ತುಟಿಗಳು ಏನೋ ಅಂದವು. ಮುಖ ನೋಡಿದರೆ ಭಾರ ಇಳಿಸಿದವಳ ಮುಖ. ಅವಳು ಏನು ಬೇಡಿಕೊಂಡಳು ಎಂದು ಊಹಿಸಿದೆ. ಸಿಟ್ಟು ಬರಲಿಲ್ಲ. ಕೈತುತ್ತು ಹಾಕಿದವಳು ಅವಳು.

ಆ ನೆಮ್ಮದಿ ಅವಳಿಗೆ ದಕ್ಕಲಿಲ್ಲ. ಮಗಳು ಭಾನುವಾರ ಮನೆಯಲ್ಲಿದ್ದಳು ನಿಜ, ಆದರೆ ಇದ್ದೂ ಇರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದಳು. ಮಾತಾಡಿಸಿದರೆ ಹೂಂ, ಬಿಟ್ಟರೆ ಅದೂ ಇಲ್ಲ. ಅಂಬವ್ವ ಮಗ್ಗದಲ್ಲಿ ಕೂತು ಅವಳನ್ನೇ ನೋಡುತ್ತಿದ್ದಳು, ಕೈ ತಪ್ಪುತ್ತಿತ್ತು. ಆ ದಿನಗಳಲ್ಲಿ ನೆಯ್ದ ಸೀರೆಯ ಅಂಚು ಸೊಟ್ಟಗಾಗಿ ಅರ್ಧ ಮೊಳ ಬಿಚ್ಚಬೇಕಾಯಿತು.

ಅವತ್ತೂ ಭಾನುವಾರವೇ. ಅಂಬವ್ವ ಮಗ್ಗ ನಿಲ್ಲಿಸಿ ಎದ್ದಳು. ನೇರ ಬಂದು ನನ್ನ ಮೇಲಿನ ಚಾದರ ಎಳೆದು ಮಗಳ ಮುಂದೆ ಎಸೆದಳು.

"ಏನಿದು ಗೆರಿ?"

ವಿಶಾಲಾ ಗಾಬರಿಯಾದಳು. "ನೋಡೀಯೇನವ್ವಾ?"

"ನೋಡಿ ತಿಂಗಳಾತು. ಬಿರುಕೋ ಅಲ್ಲೋ?"

"ಗೊತ್ತಿಲ್ಲ."

"ಗೊತ್ತಿಲ್ಲ? ಊರ ಕಂಬದ ಬಿರುಕೆಲ್ಲಾ ಹುಡುಕ್ಯಾಕಿ ನೀನು. ಮನ್ಯಾಗಿನ ಸೈಕಲ್ಲಿಂದು ಗೊತ್ತಿಲ್ಲೇನು?"

"ಹುಡುಕೂದಿಲ್ಲ," ಎಂದಳು ವಿಶಾಲಾ. ಕಣ್ಣು ತುಂಬಿತ್ತು. "ಬಿರುಕು ಇತ್ತಂದ್ರ ನಿನ್ನ ಆಣಿ ಪ್ರಕಾರ ಸೈಕಲ್ಲು ಮುಗೀತಲ್ಲ. ಅದಕ್ಕ ಹುಡುಕಿಲ್ಲ. ಹೆದರಿಕಿ ನನಗ."

ಅಂಬವ್ವ ನನ್ನನ್ನು ಗೋಡೆಯಿಂದ ಈಚೆ ಎಳೆದಳು. "ಹಿಂಗ ಗೋಡಿ ಕಡೆ ಮುಖಾ ಮಾಡಿ ಕುಂತರ ನೀನೂ ಬದುಕೂದಿಲ್ಲ, ನಾನೂ ಬದುಕೂದಿಲ್ಲ. ತಗಿ ಅದೇನು ನಿನ್ನ ಕೆಲಸದ ಡಬ್ಬಿ ಅದಾವಲ್ಲ. ನನ್ನ ಕಣ್ಮುಂದ ನೋಡು. ಇದ್ದರ ಐತಿ, ಇಲ್ಲಂದ್ರ ಇಲ್ಲ."

ಹಿತ್ತಲಿನಲ್ಲಿ ಎರಡು ಇಟ್ಟಿಗೆಯ ಮೇಲೆ ನನ್ನನ್ನು ತಲೆಕೆಳಗಾಗಿ ನಿಲ್ಲಿಸಿದರು. ವಿಶಾಲಾ ಸ್ಯಾಂಡ್‌ಪೇಪರು ತಂದು ಕೊರಳಿನ ಸುತ್ತ ಉಜ್ಜತೊಡಗಿದಳು. ನನ್ನ ಗಿಳಿಹಸಿರು ಪುಡಿಪುಡಿಯಾಗಿ ಇಟ್ಟಿಗೆಯ ಮೇಲೆ ಉದುರಿತು. ಬಣ್ಣದ ಮೇಲೆ ಇದ್ದ ಜಂಬವೆಲ್ಲ ಅವತ್ತು ಹಾರಿಹೋಯಿತು. ಹೋದರೆ ಹೋಗಲಿ, ಒಳಗೆ ಗಟ್ಟಿ ಇದ್ದರೆ ಸಾಕು ಎಂದು ಬೇಡಿಕೊಂಡೆ. ಬೆಳ್ಳಗಿನ ಲೋಹ ಕಾಣಿಸಿತು. ಅದನ್ನು ಚೊಕ್ಕಟ ಮಾಡಿ ಒಂದು ಡಬ್ಬಿಯಿಂದ ಕೆಂಪು ಬಣ್ಣ ಸಿಂಪಡಿಸಿದಳು.

"ಈಗೇನು?" ಅಂಬವ್ವ ಕೇಳಿದಳು.

"ಕಾಯಬೇಕವ್ವ."

ಕಾದರು. ತಾಯಿ ಕಟ್ಟೆಯ ಮೇಲೆ, ಮಗಳು ನೆಲದ ಮೇಲೆ. ನನ್ನ ಕೊರಳಲ್ಲಿ ಕೆಂಪು ಎಣ್ಣೆ ತಣ್ಣಗೆ ಹರಡುತ್ತಿತ್ತು. ಎಲ್ಲಾದರೂ ಒಳಗೆ ಇಳಿಯುತ್ತಿದೆಯೋ ಎಂದು ನನ್ನ ಇಡೀ ಮೈ ಕಿವಿಯಾಗಿತ್ತು. ಇಳಿದರೂ ನನಗೆ ತಿಳಿಯುತ್ತಿರಲಿಲ್ಲ. ಆಮೇಲೆ ವಿಶಾಲಾ ಒರೆಸಿದಳು, ಒಂದು ಹನಿಯೂ ಉಳಿಯದಂತೆ ಒರೆಸಿದಳು. ಇನ್ನೊಂದು ಡಬ್ಬಿ ಅಲುಗಿಸಿ ಬಿಳಿ ಸಿಂಪಡಿಸಿದಳು. ನನ್ನ ಕೊರಳು ಸುಣ್ಣ ಬಳಿದಂತಾಯಿತು.

"ಬಿರುಕಿದ್ದರ ಇದರ ಮ್ಯಾಲ ಕೆಂಪು ಎದ್ದು ಬರತೈತಿ," ಎಂದಳು. ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಡುವುದನ್ನೂ ಮರೆತಿದ್ದಳು.

ಇಬ್ಬರೂ ಬಗ್ಗಿ ನೋಡುತ್ತ ನಿಂತರು. ತಲೆಗೆ ತಲೆ ತಾಗುವಷ್ಟು ಹತ್ತಿರ. ಅಂಬವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ತನ್ನ ಉಸಿರು ತಾಗಿ ಏನಾದರೂ ಆದೀತೆಂಬ ಹಾಗೆ. ಬಿಳಿ ಒಣಗಿತು. ಬಿಳಿಯಾಗಿಯೇ ಇತ್ತು. ವಿಶಾಲಾ ಬ್ಯಾಟರಿ ಹಾಕಿ ಸುತ್ತಲೂ ನೋಡಿದಳು. ಬಿಳಿ. ಇನ್ನೂ ಸ್ವಲ್ಪ ಹೊತ್ತು ಕಾದಳು. ಬಿಳಿಯೇ.

"ಏನೂ ಇಲ್ಲವ್ವ," ಎಂದಳು. "ಬಣ್ಣ ಅಷ್ಟ ಸೀಳಿತ್ತು. ನೀ ಹಚ್ಚಿದ ಕುಂಕುಮ ಅದರಾಗ ಕುಂತಿತ್ತು." ಹೇಳುತ್ತ ಹೇಳುತ್ತ ನಗತೊಡಗಿದವಳು ಹಾಗೇ ಅಳತೊಡಗಿದಳು. ನೆಲದ ಮೇಲೆ ಕೂತು ಮೊಣಕಾಲಿಗೆ ಮುಖವಿಟ್ಟು ಅತ್ತಳು.

ಅಂಬವ್ವ ಅವಳ ಪಕ್ಕ ಕೂತಳು. ಬಹಳ ಹೊತ್ತು ಬೆನ್ನು ಸವರಿದಳು. ಆಮೇಲೆ ಹೇಳಿದಳು, "ಬಿರುಕು ಇರಲಿ ಅಂತ ಬೇಡಕೊಂಡಿದ್ದೆ ನಾನು. ಗೆರಿ ನೋಡಿದ ದಿನಾ. ಕೈಮುಗದು ಬೇಡಕೊಂಡಿದ್ದೆ." ಮಗಳು ತಲೆಯೆತ್ತಿ ನೋಡಿದಳು. "ದೇವರು ನನ್ನ ಮಾತು ಕೇಳಲಿಲ್ಲ. ಪುಣ್ಯಾ ಬಂತು."

ಟಕ್ ಎಂಬ ಆ ಸದ್ದು ಎಲ್ಲಿಂದ ಬಂತು ಎಂಬುದು ಮರುದಿನ ಗೊತ್ತಾಯಿತು. ಹ್ಯಾಂಡಲ್ಲಿನ ಬುಡದಲ್ಲಿ ಒಂದು ಬೇರಿಂಗು ಸಡಿಲಾಗಿತ್ತು. ಅದನ್ನು ಬಿಗಿ ಮಾಡಿದರು, ಅಷ್ಟೇ. ಇಷ್ಟಕ್ಕೆ ನಾವು ಮೂರೂ ಜನ ತಿಂಗಳುಗಟ್ಟಲೆ ಒಣಗಿದ್ದೆವು. ನನ್ನ ಕೊರಳಿಗೆ ಮತ್ತೆ ಬಣ್ಣ ಬಳಿಯಲಿಲ್ಲ. ಬರೀ ಮೈ ಇದ್ದರೆ ಮುಂದಿನ ಸಲ ನೋಡುವುದು ಸಲೀಸು ಎಂದಳು ವಿಶಾಲಾ. ಮೇಲೆ ಹಸಿರು, ಕೊರಳು ಬೆಳ್ಳಗೆ. ಗಂಟಲಿಗೆ ಪಟ್ಟಿ ಕಟ್ಟಿದವರಂತೆ ಕಾಣುತ್ತಿದ್ದೆ. ದೋಸ್ತರು ನಕ್ಕರು, ನಾನು ತಲೆಕೆಡಿಸಿಕೊಳ್ಳಲಿಲ್ಲ.

ಮುಂದಿನ ವರ್ಷಗಳು ಒಳ್ಳೆಯವು. ಪ್ರತಿ ದಸರೆಗೆ ಹಿತ್ತಲಿನಲ್ಲಿ ಪರೀಕ್ಷೆ ಮೊದಲು, ಪೂಜೆ ಆಮೇಲೆ ಎಂಬ ಪದ್ಧತಿ ಬಂತು. ಅಂಬವ್ವ ಕಟ್ಟೆಯ ಮೇಲೆ ಕೂತು ಬಿಳಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕ್ರಮೇಣ ಅವಳೇ ಹೇಳಿಕೊಡಲು ಸುರುಮಾಡಿದಳು. "ಆ ಕೀಲಿನ ಬುಡಕ್ಕ ಹೊಡದಿಲ್ಲ ನೋಡು, ಅಲ್ಲೂ ಹೊಡಿ." ಭಾನುವಾರ ನಾವು ಹೊರಡುವಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಹೆದರಿಕೆ ಪೂರ್ತಿ ಹೋಯಿತೆಂದಲ್ಲ. ಆದರೆ ನಾವು ಓಣಿ ದಾಟುವ ಮೊದಲೇ ಮಗ್ಗದ ಸದ್ದು ಕೇಳಿಬರುತ್ತಿತ್ತು.

ನನಗೆ ವಯಸ್ಸಾಯಿತು. ಕೀಲಿನ ಬೇರಿಂಗುಗಳು ಎಷ್ಟು ಸಲ ಬದಲಾದವೋ ಲೆಕ್ಕವಿಲ್ಲ. ಶಾಕು ನಿಟ್ಟುಸಿರು ಬಿಡುತ್ತಿತ್ತು. ಹೋದ ದಸರೆಯ ಪರೀಕ್ಷೆಯಲ್ಲೂ ಬಿಳಿ ಬಿಳಿಯಾಗಿಯೇ ಇತ್ತು. ಆದರೂ ವಿಶಾಲಾ ಡಬ್ಬಿ ಮುಚ್ಚುತ್ತ ಹೇಳಿದಳು, "ಇನ್ನ ಸಾಕವ್ವ. ಬಿರುಕು ಬಂದಿಲ್ಲ, ಬರೂ ವಯಸ್ಸಾತು. ಬರೂತನಕಾ ಯಾಕ ಕಾಯೂದು?" ಗಾಳಿಯಂತ್ರದಲ್ಲೂ ಹಾಗೆಯೇ. ಚೆನ್ನಾಗಿರುವಾಗಲೇ ವಯಸ್ಸು ನೋಡಿ ಬಿಚ್ಚಿ ಇಳಿಸುತ್ತಾರೆ.

ಚಕ್ರ, ಶಾಕು, ಹ್ಯಾಂಡಲ್ಲು ಬಿಚ್ಚಿದಳು. ನಾನು ಮತ್ತೆ ಹುಟ್ಟಿದಾಗಿನಂತೆ ಬರೀ ಕೊಳವೆಗಳಾದೆ. ಗುಜರಿಯ ಹಜರತಸಾಬ ಕೈಗಾಡಿ ತಂದವನು ನನ್ನನ್ನು ಎತ್ತಿ ತಿರುಗಿಸಿ ನೋಡಿ ಕಣ್ಣರಳಿಸಿದ.

"ಏ ಅಕ್ಕಾರ, ಇದನ್ಯಾಕ ಗುಜರಿಗಿ ಹಾಕ್ತೀರಿ? ಕಲ್ಲಿನಂಗ ಗಟ್ಟಿ ಐತಿ. ಒಂಚೂರು ಬಣ್ಣಾ ಹೊಡದರ ಯಾರರ ತಗೊಂಡು ಹೊಡಕೋತಾರ. ಹುಡುಗೂರು ಭಾಳ ಕೇಳ್ತಾರ ಇಂಥಾವು."

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚೆನ್ನಾಗಿರುವುದನ್ನು ಹಾಳು ಮಾಡಬಾರದು ಎಂಬ ಸಂಕಟ, ಅಷ್ಟೇ. ಆದರೆ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಅಂಬವ್ವನೇ ಮೊದಲು ಬಾಯಿ ತೆರೆದಳು.

"ಯಾರರ ಅಂದ್ರ ಯಾರಪಾ? ಅವರಿಗೂ ಒಬ್ಬಾಕಿ ಅವ್ವ ಇರತಾಳಲ್ಲ. ವಿಶಾಲಿ, ಗರಗಸ ತಾ."

ನನ್ನ ಕೊರಳನ್ನು ಕಟ್ಟೆಯ ಅಂಚಿಗೆ ಇಟ್ಟು ಅಂಬವ್ವ ಎರಡೂ ಕೈಯಿಂದ ಅದುಮಿ ಹಿಡಿದಳು. ವಿಶಾಲಾ ಬೆಸುಗೆಯ ನಡುವೆಯೇ ಗರಗಸ ಇಟ್ಟಳು. ಆಮೇಲೆ ಎಳೆದಳು. ನನಗೆ ನೋವಾಯಿತೇ ಎಂದರೆ, ಇಲ್ಲ. ಜೀವಮಾನವೆಲ್ಲ ಕೂದಲೆಳೆಯಷ್ಟು ಬಿರುಕಿಗೆ ಹೆದರಿದವನನ್ನು ಈಗ ತಾಯಿ ಮಗಳು ಸೇರಿ ಹಗಲು ಬೆಳಕಿನಲ್ಲಿ ಸೀಳುತ್ತಿದ್ದರು. ಬೆಳ್ಳಿಯಂಥ ಪುಡಿ ಅಂಬವ್ವನ ಸೀರೆಯ ಮೇಲೆ ಉದುರುತ್ತಿತ್ತು. ಹಜರತಸಾಬ ನೋಡಲಾರದೆ ಮುಖ ತಿರುಗಿಸಿದ.

ಮೇಲಿನ ಕೊಳವೆಯನ್ನೂ ಕತ್ತರಿಸಿದ ಮೇಲೆ ನಾನು ಎರಡಾದೆ. ವಿಶಾಲಾ ಕತ್ತರಿಸಿದ ಮುಖವನ್ನು ಸೂರ್ಯನಿಗೆ ಹಿಡಿದಳು. ಇಷ್ಟು ವರ್ಷ ಯಾರೂ ಕಾಣದ ನನ್ನ ಬೆಸುಗೆಯ ಒಳಗು ಮೊದಲ ಸಲ ಬೆಳಕಿಗೆ ಬಂತು. ನುಣ್ಣಗೆ, ಒಂದೇ ಸಮ, ಹೊಳೆಯುತ್ತಿತ್ತು. ಎಲ್ಲೂ ಒಂದು ಚುಕ್ಕೆಯಿಲ್ಲ, ಒಂದು ಗೆರೆಯಿಲ್ಲ.

"ಅಂಚು ಹರೀತ ಐತವ್ವ, ಕೈ ಕೊಯ್ದೀತು," ಎಂದು ಮಗಳು ಹೇಳುವಷ್ಟರಲ್ಲಿ ಅಂಬವ್ವ ಅದರ ಮೇಲೆ ಬೆರಳಾಡಿಸಿಯಾಗಿತ್ತು. ಸೀರೆಯ ಬಟ್ಟೆಯಲ್ಲಿ ಗಂಟು ಹುಡುಕುವ ಹಾಗೆ ಮೆಲ್ಲಗೆ, ಒಂದು ಸುತ್ತು, ಇನ್ನೊಂದು ಸುತ್ತು.

"ಒಳಗ ಸೈತ ಚೊಕ್ಕ ಐತಿ," ಎಂದಳು. ಉದ್ದವಾಗಿ ಉಸಿರು ಬಿಟ್ಟಳು. ಆ ಉಸಿರು ನನ್ನ ಒಳಮೈಗೆ ತಾಗಿತು.

ಒಂದು ತುಂಡನ್ನು ಹಜರತಸಾಬ ಗಾಡಿಗೆ ಹಾಕಿಕೊಂಡ. ಅದು ಕರಗಿ ಪಾತ್ರೆಯೋ ಕಿಟಕಿಯೋ ಏನೋ ಆಗುತ್ತದೆ. ಇನ್ನೊಂದು, ಕೊರಳಿನ ತುಂಡು, ಈಗ ಮಾತಾಡುತ್ತಿರುವ ನಾನು, ಮಗ್ಗದ ಕೋಣೆಯ ಮೂಲೆಯಲ್ಲಿ ಇದ್ದೇನೆ. ಗೋಡೆಗೆ ಇನ್ನೊಂದು ಸೈಕಲ್ಲು ಬಂದಿದೆ, ಇಟ್ಟಿಗೆ ಬಣ್ಣದ್ದು. ಭಾನುವಾರ ಅದು ಗುಡ್ಡಕ್ಕೆ ಹೋಗುತ್ತದೆ. ಸಂಜೆ ಬರುವವರೆಗೆ ಅದರ ಕೊರಳಲ್ಲಿ ಎಷ್ಟು ಅನುಮಾನಗಳಿರುತ್ತವೆ ಎಂದು ನನಗೆ ಗೊತ್ತು. ಪಾಪ ಅನ್ನಿಸುತ್ತದೆ. ನನಗೆ ಅದು ಮುಗಿಯಿತು. ಇನ್ನು ನಾನು ಯಾರ ಕೆಳಗೂ ಮುರಿಯಲಾರೆ.